ಒಟೀಲಿಯ ಹೂಗಳಿಗೆ ಮೆರುಗು ಹಾಕಿದವನು

"ಕೈಗೇನು ಬೆಣ್ಣೆ ಹಚ್ಕೊಂಡಿದ್ದೀರಾ, ಮಿಸ್ಟರ್ ಕ್ರಾಂಟ್ಸ್?"

ಒಟೀಲಿಯ ಕೂಗು ಮಣ್ಣಿನ ಪಾತ್ರೆಗಳ ಕಾರ್ಖಾನೆಯ ಮೆರುಗು ಹಾಕುವ ಕೋಣೆಯನ್ನೆಲ್ಲ ತುಂಬಿತು. ಹದಿನೇಳು ದಿನ ಕೂತು ಅವಳು ಐರಿಸ್ ಹೂ ಬರೆದಿದ್ದ ಹೂದಾನಿ ಆನ್ಸೆಲ್ಮ್ ಕ್ರಾಂಟ್ಸನ ಕಾಲಬುಡದಲ್ಲಿ ಚೂರುಚೂರಾಗಿತ್ತು. ಶಿಕಾಗೋದ ಮಹಾ ಪ್ರದರ್ಶನಕ್ಕೆ ಹೋಗಬೇಕಿದ್ದದ್ದು ಅದು.

"ತಪ್ಪಾಯ್ತು," ಎಂದನಷ್ಟೇ ಆನ್ಸೆಲ್ಮ್.

ಬೇರೆ ದಿನವಾಗಿದ್ದರೆ, "ನಿಮ್ಮ ಮೂಗಿನ ಮೇಲೂ ಒಂದು ಹಳದಿ ಹೂ ಬಿಟ್ಟಿದೆ, ಅದಕ್ಕೂ ಮೆರುಗು ಹಾಕ್ಲಾ?" ಎಂದು ಕಣ್ಣಲ್ಲೇ ನಗುತ್ತಿದ್ದ. ಇಂದು ತಲೆ ಎತ್ತಲಿಲ್ಲ. ಹೂದಾನಿ ಒಡೆದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಚುಚ್ಚಿತು.

ಮಧ್ಯಾಹ್ನ ಕ್ಷಮೆ ಕೇಳಲೆಂದು ಹುಡುಕಿಕೊಂಡು ಹೋದಳು. ನದಿ ಕಡೆಯ ಕಟ್ಟೆಯ ಮೇಲೆ ಕಾಫಿ ಲೋಟವಿಟ್ಟು, ಅವನು ಬಾಯನ್ನೇ ಅದಕ್ಕೆ ಬಗ್ಗಿಸಿ ಕುಡಿಯುತ್ತಿದ್ದ.

"ಇದೇನ್ರೀ, ಬೆಕ್ಕಿನ ಹಾಗೆ?"

ಅವನು ಎರಡೂ ಕೈ ಚಾಚಿದ. ಮಣಿಕಟ್ಟಿನಿಂದಾಚೆ ಅವು ಬಾಡಿದ ದಂಟುಗಳಂತೆ ಜೋತುಬಿದ್ದವು. ಅವಳ ನಗು ಅಲ್ಲೇ ಸತ್ತಿತು.

"ಮೆರುಗಿನ ನೀರಲ್ಲಿ ಸೀಸ ಇರುತ್ತಲ್ಲ, ಅದು ನರಕ್ಕೇರಿದೆ ಅಂದ್ರು ಡಾಕ್ಟರು. ಶನಿವಾರದ ಸ್ಟೀಮರಿಗೆ ಅಕ್ಕನ ಮನೆಗೆ ಹೊರಟೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಪಾತ್ರೆಗಳನ್ನ ಬೇರೆ ಯಾರೋ ಮೆರುಗಿಗೆ ಅದ್ದುತಿದ್ರು. ಎರಡು ವರ್ಷದಿಂದ ಒಬ್ಬರ ಕೈಗೂ ಬಿಟ್ಟಿಲ್ಲ ನಾನು."

"ಬರೀ ಪಾತ್ರೆಗಳಿಗೋಸ್ಕರಾನಾ?"

"ಬಿಡಿಸಿ ಹೇಳ್ಬೇಕಾ, ಒಟೀಲಿ?"

ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಅವಳು ಪೆಟ್ಟಿಗೆ ಹಿಡಿದೇ ದಡಕ್ಕೆ ಬಂದಳು. ನೋಡಿದವನೇ ಆನ್ಸೆಲ್ಮ್ ಬಿಳಿಚಿಕೊಂಡ.

"ಬೇಡ. ವಾಪಸ್ ಹೋಗು."

"ಪಾದ್ರಿ ಅಲ್ಲೂ ಇರ್ತಾರೆ. ಮದುವೆ ಆಗೋಣ."

"ಅಕ್ಕ ತುತ್ತು ತಿನ್ನಿಸಿದ್ರೆ ನಂಗೆ ನಾಚಿಕೆ ಇಲ್ಲ. ನೀನು ತಿನ್ನಿಸೋದನ್ನ ತಡಕೊಳ್ಳೋಕೆ ನನ್ನಿಂದಾಗಲ್ಲ, ಒಟೀಲಿ. ಕೈಲಾಗದ ಗಂಡ ಆಗಿ ನಿನ್ನ ಕಣ್ಣೆದುರು ಕೂರಲಾರೆ. ಅದೊಂದನ್ನ ಕೇಳಬೇಡ."

ಅವಳಲ್ಲಿ ನೂರು ವಾದಗಳಿದ್ದವು. ಆದರೆ ಅವನ ಮುಖ ಕಂಡು ಜೊತೆಗೆ ಹೋಗುವ ಹಟ ಬಿಟ್ಟಳು.

ನದಿಯ ಗಾಳಿಗೆ ಅವನ ಕೋಟು ಬಿಚ್ಚಿಕೊಂಡು ಹಾರಾಡುತ್ತಿತ್ತು. ಒಟೀಲಿ ಪೆಟ್ಟಿಗೆ ಕೆಳಗಿಟ್ಟು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕತೊಡಗಿದಳು.

"ಇದಕ್ಕೂ ನಾಚಿಕೆಯಾ?"

"ಇಲ್ಲ," ಎಂದ ಅವನು, ಒದ್ದೆಗಣ್ಣಲ್ಲಿ ನಗುತ್ತ. "ನಿಧಾನಕ್ಕೆ ಹಾಕು."

ಸ್ಟೀಮರಿನ ಗಂಟೆ ಹೊಡೆಯಿತು. ಕತ್ತಿನ ಬಳಿಯ ಕೊನೆಯ ಗುಂಡಿಯನ್ನು ಅವಳು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.