ಸೀನಪ್ಪನ ಎಡಗೈ

ಟ್ರೀಸಾ ಸೀನಪ್ಪನ ಕೈ ಹಿಡಿದಿದ್ದಳು. ಟೈಪಿಂಗ್ ಸೆಂಟರಿನ ಗಾಜಿನ ಆಚೆ, ನನ್ನ ಕಣ್ಣೆದುರೇ. ಒಳಗೆ ಹೋಗದೆ ತಿರುಗಿ ಬಂದೆ. ಹೋಗಿದ್ದರೆ ಆ ಗಾಜು ಉಳಿಯುತ್ತಿರಲಿಲ್ಲ.

ಸೀನಪ್ಪ ನನಗೆ ಗಂಡನೂ ಅಲ್ಲ, ನೆಂಟನೂ ಅಲ್ಲ. ನಾನು ಗಂಡ ಸತ್ತವಳು, ಕತಾರಿನ ಮುಐದರಿನಲ್ಲಿ ಮೆಸ್ ನಡೆಸುವವಳು. ಅವನು ಮದುವೆಯಾಗದೆ ಉಳಿದವನು. ಹಮದ್ ಬಂದರಿನಲ್ಲಿ ಕಂಟೇನರಿನ ಅಡಿಗೆ ಸಿಕ್ಕಿ ಅವನ ಬಲಗೈ ಜಜ್ಜಿಹೋದ ದಿನ ನಾನು ಊಟದ ಕ್ಯಾರಿಯರ್ ಹಿಡಿದು ಗೇಟಿನಲ್ಲಿದ್ದೆ. ಕೈಯಿಂದ ರಕ್ತ ಸೋರುತ್ತಿದ್ದ ಅವನನ್ನು ಜೊತೆಯವರು ಹೊತ್ತು ತಂದದ್ದನ್ನು ಕಂಡೆ. ಅಂದಿನಿಂದ ಬಂಗುಡೆಯ ಮುಳ್ಳು ಬಿಡಿಸಿ ಅವನಿಗೆ ಬಡಿಸುತ್ತಿದ್ದವಳು ನಾನು. ಆಗ ಅವನು ತಟ್ಟೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಮಾತ್ರ, "ಸಾರು ಲಾಯ್ಕುಂಟು" ಎನ್ನುತ್ತಿದ್ದ.

ಈಗ ಊಟ ಮುಗಿದರೆ ಸೀದಾ ಟ್ರೀಸಾಳ ಅಂಗಡಿ. ಅವಳದು ಅರಬ್ಬಿಯಲ್ಲಿ ಅರ್ಜಿ ಟೈಪ್ ಮಾಡುವ ನುಣ್ಣಗಿನ ಬೆರಳು. ನನ್ನದು ಈರುಳ್ಳಿ ನಾರುವ ಕೈ.

ಅದೇ ಸಂಜೆ ಅವನ ಕಂಪನಿಯ ಕ್ಯಾಂಪ್ ಬಾಸ್, ಕೆಲಸದವರ ವಸತಿ ನೋಡಿಕೊಳ್ಳುವವನು, ಬಂದ.

"ಶರ್ಮಿಳಕ್ಕಾ, ಒಂದು ಉಪಕಾರ. ಸೀನಪ್ಪನಿಗೆ ಪೆಟ್ಟಾದದ್ದು ನಿಮ್ಮ ಅಡುಗೆಮನೆಯಲ್ಲಿ, ಗ್ರೈಂಡರಿನ ಕಲ್ಲು ಬಿದ್ದು. ಯಾರಾದ್ರೂ ಕೇಳಿದ್ರೆ ಅಷ್ಟು ಹೇಳಿ, ಖಲಾಸ್. ಇಲ್ಲದಿದ್ರೆ ನಮ್ಮ ಹುಡುಗರ ಊಟ ಬೇರೆ ಕಡೆ."

"ನಾಳೆ ಹೇಳ್ತೇನೆ" ಎಂದೆ. ಹೊಟ್ಟೆಯ ಉರಿ ಹಾಗೆ ಹೇಳಿಸಿತು. ಆ ಕೈಯನ್ನು ಟ್ರೀಸಾಳೇ ನೋಡಿಕೊಳ್ಳಲಿ!

ಬೆಳಿಗ್ಗೆ ಟ್ರೀಸಾಳ ಅಂಗಡಿಗೆ ಜಗಳಕ್ಕೆಂದೇ ಹೋದೆ. ಅವನೂ ಅಲ್ಲೇ ಕೂತಿದ್ದ.

"ಇವರ ಕೈ ಯಾಕೆ ಹಿಡ್ದದ್ದು ನೀನು?"

ಟ್ರೀಸಾ ನಕ್ಕುಬಿಟ್ಟಳು. "ಓ, ಸಾರಿನ ಶರ್ಮಿಳಕ್ಕ ನೀವೇಯಾ? ದಿನಾ ನಿಮ್ಮ ಸುದ್ದಿ ಹೇಳಿ ನನ್ನ ತಲೆ ತಿಂತಾರೆ ಇವರು. ಎಡಗೈಯಲ್ಲಿ ಸೈನ್ ಹಾಕ್ಲಿಕ್ಕೆ ಕಲಿಸ್ತಿದ್ದೆ. ಲೇಬರ್ ಆಫೀಸಿಗೆ ಅರ್ಜಿ ಕೊಡ್ಬೇಕು. ಡಾಕ್ಟರ್ ಕೊನೆಯ ರಿಪೋರ್ಟ್ ಕೊಟ್ಟು ಒಂದು ವರ್ಷದೊಳಗೆ ಪರಿಹಾರ ಕೇಳ್ಬೇಕು, ಆಮೇಲೆ ಹಕ್ಕೇ ಇಲ್ಲ. ಗುರುವಾರಕ್ಕೆ ವರ್ಷ ತುಂಬ್ತದೆ."

"ಕಂಪನಿ ಎಂತ ಮಾಡಿದ್ದು?"

"ಪೊಲೀಸರಿಗೆ, ಲೇಬರ್ ಆಫೀಸಿಗೆ ಅವರು ಆಗಲೇ ತಿಳಿಸ್ಬೇಕಿತ್ತು. ತಿಳಿಸ್ಲೇ ಇಲ್ಲ. ಜೊತೆಯವರಿಗೆಲ್ಲ ಹೆದರಿಕೆ. ಕಂಡವರೊಬ್ಬರನ್ನು ಕರ್ಕೊಂಡು ಬನ್ನಿ ಅಂದ್ರೆ ಇವರು ಕೇಳುದಿಲ್ಲ."

ನಾನು ಸೀನಪ್ಪನನ್ನು ನೋಡಿದೆ. ಅವನು ನೆಲ ನೋಡಿದ.

"ನೀವು ಸಾಕ್ಷಿ ಹೇಳಿದ್ರೆ ನಿಮ್ಮ ಮೆಸ್ ಮುಳುಗ್ತದೆ. ನನ್ನ ಕೈ ಹೋದದ್ದು ಸಾಕು."

ಇವನಿಗೆ ಎರಡು ಬಾರಿಸಬೇಕೆನಿಸಿತು. ಅಳುವೂ ಬಂತು. ಎರಡನ್ನೂ ನುಂಗಿ ಅಲ್ಲಿಂದಲೇ ಕ್ಯಾಂಪ್ ಬಾಸಿಗೆ ಫೋನ್ ಹಚ್ಚಿದೆ.

"ನನ್ನ ಗ್ರೈಂಡರಿನಲ್ಲಿ ಇವತ್ತಿನವರೆಗೆ ಒಂದು ಇರುವೆಯೂ ಸತ್ತಿಲ್ಲ. ಗೇಟಿನಲ್ಲಿ ಕಂಡದ್ದನ್ನೇ ಹೇಳುದು ನಾನು. ನಿಮ್ಮವರಿಗೆ ಊಟ ಬೇಡವಾ? ಮಾಫಿ ಊಟ, ಊಟ ಇಲ್ಲ!"

ಟ್ರೀಸಾ ಅರ್ಜಿ ಮುಂದಿಟ್ಟಳು. ಸೀನಪ್ಪ ನಾಲಿಗೆ ಕಚ್ಚಿಕೊಂಡು, ಬೆವರುತ್ತ, ಎಡಗೈಯಲ್ಲಿ ಸೈನ್ ಹಾಕಿದ. ಕೆಳಗೆ ನಾನು ಸಾಕ್ಷಿಯಾದೆ.

ಹೊರಗೆ ಬಿಸಿಲಿಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ, "ಈ ಕೈಯಲ್ಲಿ ಇನ್ನೊಂದು ಕಡೆ ಸೈನ್ ಹಾಕ್ಲಿಕ್ಕುಂಟು. ಊರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ, ನಿಮ್ಮ ಹೆಸರಿನ ಪಕ್ಕ. ಆದೀತಾ?"

"ಅಷ್ಟು ಹೇಳ್ಲಿಕ್ಕೆ ಇಷ್ಟು ದಿನ ಬೇಕಿತ್ತಾ ಮಾರಾಯ್ರೆ? ಆದೀತು. ಆದರೆ ಆ ಸೈನ್ ಕಲಿಸುದು ನಾನು. ಟ್ರೀಸಾ ಅಲ್ಲ."

ಅವನ ಎಡಗೈ ನನ್ನ ಈರುಳ್ಳಿ ಕೈಗೆ ಸಿಕ್ಕಿತು. ಬಿಡಲಿಲ್ಲ.