ಹಳದಿ ಹೋದ ದಾರಿ

ಕಳುವಾಗಿದ್ದು ಮೂವತ್ತು ಗ್ರಾಂ ಯುರೇನಿಯಂ. ಚಿಂಗ್‌ದಾವೊ ಕಡಲಿನ ನೀರಿಗೆ ಕರೆಂಟು ಹಾಯಿಸಿ, ವರ್ಷವಿಡೀ ಕರಿ ತಗಡಿನ ಮೇಲೆ ಹಿಡಿದಿಟ್ಟಿದ್ದ ಹಳದಿ ಮಾಲು. ಬೆಳಿಗ್ಗೆ ನೋಡಿದರೆ ತಗಡು ಬೋಳು. ಹಳದಿಯ ಸುಳಿವೇ ಇಲ್ಲ. ಮರುದಿನ ತೂಕ ಮಾಡಲು ಬೀಜಿಂಗಿನಿಂದ ಅಧಿಕಾರಿಗಳು ಬರುವವರಿದ್ದರು.

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಲುವಾನ್, ತೊಟ್ಟಿ ನೋಡಿಕೊಳ್ಳುವ ಜೂ ಅಕ್ಕ. ನಾನು ಪೊಲೀಸ್ ಇನ್ಸ್‌ಪೆಕ್ಟರ್. ಶಾಲೆಯಲ್ಲಿ ರಸಾಯನಶಾಸ್ತ್ರ ಎಂದರೆ ನನಗೆ ಜ್ವರ ಬರುತ್ತಿತ್ತು. ತಲೆಬುಡ ತಿಳಿಯಲಿಲ್ಲ.

"ನಿನ್ನೆ ಸಂಜೆ ಬೀಗ ಹಾಕಿದ್ದು ಅವಳೇ, ಸುಯ್ ಸಾಹೇಬ್ರೇ," ಎಂದರು ಲುವಾನ್. "ಅವಳ ಚೀಲ ನೋಡಿ."

ಚೀಲದಲ್ಲಿ ಡಬ್ಬಿ. ಡಬ್ಬಿಯಲ್ಲಿ ಹಳದಿ ಪುಡಿ! ವಿಕಿರಣ ಅಳೆಯುವ ಯಂತ್ರ ಹಿಡಿದೆ. ಅದು ಕಮಕ್ ಕಿಮಕ್ ಎನ್ನಲಿಲ್ಲ.

"ಜೋಳದ ಹಿಟ್ಟು ಕಣಪ್ಪ," ಎಂದಳು ಅಕ್ಕ. "ಕಡುಬು ಮಾಡ್ಕೊಡ್ಲಾ?" ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಮುಂದಿನ ತಿಂಗಳು ನನ್ನ ನಿವೃತ್ತಿ. ಯುರೇನಿಯಂ ಕಳ್ಳಿ ಅಂತ ಜೈಲಿಗೆ ಹಾಕ್ತೀರಾ?"

ಪಾಪ ಅನಿಸಿತು. ಆದರೆ ಪಾಪ ಅನಿಸುವುದು ಸಾಕ್ಷಿಯಲ್ಲವಲ್ಲ.

* * *

ತೊಟ್ಟಿಯಲ್ಲಿ ಎರಡು ತಗಡು. ಒಂದು ಕರಿ, ಇನ್ನೊಂದು ಹೊಳೆಯುವಂಥದ್ದು. ಹೊಳೆಯುವುದರ ಮೇಲೆ ಬಿಳಿ ಕರೆ ಕಟ್ಟಿತ್ತು.

"ಇದೇನಕ್ಕಾ, ಕೆಟಲಿನ ತಳದ ಹಾಗಿದೆ?"

ಅಕ್ಕ ಬಗ್ಗಿ ನೋಡಿದಳು. "ಅಯ್ಯೋ! ಈ ಕರೆ ಹಿಡಿಯೋದು ಕರಿ ತಗಡಿಗೆ. ಈ ಕಡೆ ಹತ್ತು ವರ್ಷದಲ್ಲಿ ಒಂದ್ಸಲಾನೂ ಕಂಡಿಲ್ಲ. ಯಾರೋ ರಾತ್ರಿ ವೈರು ಅದಲುಬದಲು ಮಾಡಿ, ಮತ್ತೆ ಸರಿಮಾಡಿಟ್ಟಿದ್ದಾರೆ."

"ಮಾಡಿದ್ರೆ ಹಳದಿ ಏನಾಗುತ್ತೆ?"

"ತಗಡು ಬಿಟ್ಟು ನೀರಿಗೆ ಇಳಿಯುತ್ತೆ."

"ನೀರು ಕಡಲಿಗೆ ಹೋಗುತ್ತಾ?"

"ದಿನಾ ಹೋಗುತ್ತೆ, ನಿನ್ನೆ ಹೋಗಿಲ್ಲ. ಕಡಲಲ್ಲಿ ಹಸಿರು ಪಾಚಿ ಬಂದಿದೆಯಲ್ಲ, ಒಳಗೆ ನುಗ್ಗದಿರಲಿ ಅಂತ ನೀರು ಬರೋದು, ಹೋಗೋದು ಎರಡೂ ವಾಲ್ವ್ ಮುಚ್ಚಿ ಹೋಗಿದ್ದೆ."

ನನ್ನ ಗೊಂದಲ ಇಮ್ಮಡಿಯಾಯಿತು. ಕದ್ದ ಮಾಲನ್ನು ಕಡಲಿಗೆ ಎಸೆಯುವ ಕಳ್ಳ ಎಲ್ಲಿದ್ದಾನೆ? ಒಂದು ಬಾಟಲಿ ನೀರು ತುಂಬಿಸಿ ನಗರದ ಲ್ಯಾಬಿಗೆ ಕಳಿಸಿದೆ.

* * *

ಮಧ್ಯಾಹ್ನ ಫಲಿತಾಂಶ ಬಂತು. ಇಬ್ಬರನ್ನೂ ಕೂರಿಸಿದೆ.

"ಮಾಲು ತೊಟ್ಟಿಯಲ್ಲೇ ಇದೆ. ಮೂವತ್ತಲ್ಲ, ಮೂರೇ ಗ್ರಾಂ."

ಲುವಾನ್ ಮುಖ ಕಪ್ಪಿಟ್ಟಿತು.

"ಮೂವತ್ತು ಅಂತ ವರದಿ ಬರೆದದ್ದು ನೀವು. ನಾಳೆ ತೂಗಿದ್ರೆ ಬಣ್ಣ ಬಯಲಾಗ್ತಿತ್ತು. ಅದಕ್ಕೇ ಅಕ್ಕ ಹೋದ ಮೇಲೆ ಬಂದು ವೈರು ಬದಲಿಸಿದ್ರಿ, ಬೆಳಿಗ್ಗೆ ಬೇಗ ಬಂದು ಸರಿಮಾಡಿದ್ರಿ. ಎಲ್ಲ ಕಡಲಿಗೆ ಹೋಯ್ತು ಅಂದ್ಕೊಂಡ್ರಿ. ಅಕ್ಕ ಮಾಡಿದ್ದಿದ್ರೆ ವಾಲ್ವ್ ಮುಚ್ತಿರಲಿಲ್ಲ, ಬಿಳಿ ಕರೆನೂ ಬಿಡ್ತಿರಲಿಲ್ಲ. ನೀವು ತೊಟ್ಟಿ ಹತ್ತಿರ ಬಂದು ಎಷ್ಟು ವರ್ಷ ಆಯ್ತು, ಮೇಷ್ಟ್ರೇ?"

"ಒಂದೇ ಒಂದು ಸೊನ್ನೆ..." ಎಂದು ಗೊಣಗಿದರು ಲುವಾನ್. "ಮೂರಕ್ಕೆ ಯಾರು ಬೆಲೆ ಕೊಡ್ತಾರೆ?"

ಅಕ್ಕ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಅತ್ತುಬಿಟ್ಟಳು. "ಇಷ್ಟು ದೊಡ್ಡ ಕಡಲಿಂದ ಮೂರೇ ಗ್ರಾಂ ತೆಗೆದ್ವಿ ಅಂದಿದ್ರೂ ಓಣಿಗೆಲ್ಲ ಹೇಳ್ಕೋತಿದ್ದೆನಲ್ಲ, ಮೇಷ್ಟ್ರೇ! ಅಷ್ಟು ಸಾಕಿತ್ತು."

ಕಣ್ಣೊರೆಸಿಕೊಂಡು ತೊಟ್ಟಿಯತ್ತ ಹೋದಳು. ವೈರುಗಳನ್ನು ಎರಡೆರಡು ಸಲ ನೋಡಿ, ಕರೆಂಟು ಹಾಕಿದಳು.

"ಆ ಮೂರನ್ನಾದ್ರೂ ವಾಪಸ್ ಹಿಡೀತೀನಿ."

ನಾನು ತಡೆಯಲಿಲ್ಲ.