ಚೊಕ್ಕ ಮಾಡಿದ ಕಣಿವೆ

ಹೊಸ ರಸ್ತೆ ಬಂಡೆಯ ಮೇಲಿಂದಲೋ ಕಣಿವೆಯೊಳಗಿಂದಲೋ ಎಂಬುದನ್ನು ಊರಿನ ಸಭೆ ಅಂದು ಸಂಜೆ ತೀರ್ಮಾನಿಸಲಿತ್ತು. ಕಿನಾಬಾಲು ಬೆಟ್ಟದ ತಪ್ಪಲಿನ ಆ ಬಂಡೆಯಲ್ಲಿ ಪಟ್ಟೆಪಟ್ಟೆ ಎಸಳಿನ ಆರ್ಕಿಡ್ ಇತ್ತು. ಕಣಿವೆಯಲ್ಲಿ ನೆಲಕ್ಕಂಟಿ ಅರಳುವ ದೈತ್ಯ ಹೂವು ರಫ್ಲೇಸಿಯಾ. ಎರಡನ್ನೂ ನೋಡಿ ಬಂದು, ಯಾವುದಕ್ಕೆ ಅಪಾಯ ಹೆಚ್ಚೆಂದು ಹೇಳುವ ಹೊಣೆ ಸಸ್ಯಶಾಸ್ತ್ರ ಓದಿದ ಜೊಮಿಲಿನ್ ಮೇಲೆ ಬಿದ್ದಿತ್ತು. ಆರ್ಕಿಡ್‌ಗೇ ಎಂದು ಅವಳು ಹೊರಡುವ ಮೊದಲೇ ಮುಕ್ಕಾಲು ನಿರ್ಧರಿಸಿದ್ದಳು. ಜೊತೆಗೆ ಅವಳ ಅಜ್ಜ ಸೊಂಡೊಯ್, ಚಿಕ್ಕಪ್ಪನ ಮಗ ರೂಪಿನ್.

ಬಂಡೆ ಜಾರುತ್ತಿತ್ತು. ಜೊಮಿಲಿನ್ ಕಾಲು ತಪ್ಪಿತು. ಸೊಂಟದ ಹಗ್ಗ ಬಿಗಿಯಾಯಿತು.

"ಗಟ್ಟಿ ಹಿಡ್ಕೋ ಅಕ್ಕ," ಮೇಲಿಂದ ರೂಪಿನ್ ಎಳೆದ. "ನೀನು ಬಿದ್ರೆ ಸಭೇಲಿ ಆ ಉದ್ದುದ್ದ ಹೆಸರೆಲ್ಲ ನಾನು ಹೇಳ್ಬೇಕಾಗುತ್ತೆ."

ಮೇಲೆ ಪಾಚಿಯ ತುಂಬ ಬರೀ ಗುಂಡಿಗಳು. ಕಳ್ಳರು ಗಿಡಗಳನ್ನು ಬುಡಸಮೇತ ಕಿತ್ತೊಯ್ದಿದ್ದರು. ಕೈಗೆಟುಕದ ಬಿರುಕಿನಲ್ಲಿ ಮೂರ್ನಾಲ್ಕು ಉಳಿದಿದ್ದವು. ಈಚೆಗೆ ಬಾಗಿದ ಒಂದರಲ್ಲಿ ಬಲಿತ ಕಾಯಿ. ಅವಳು ಆ ಕಾಯಿಯನ್ನು ಕಿತ್ತು ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿದಳು.

ಕಣಿವೆಗೆ ಇಳಿದಾಗ ಬಿಸಿಲು ಎಲೆಗಳ ಸಂದಿಯಿಂದ ಸೋಸಿ ಬೀಳುತ್ತಿತ್ತು. ಹಳ್ಳದ ಸದ್ದು ಎಂದಿಗಿಂತ ಹತ್ತಿರ ಕೇಳಿತು. ಮೊದಲು ಆ ಸದ್ದಿಗೂ ದಾರಿಗೂ ನಡುವೆ ದಟ್ಟ ಬಳ್ಳಿಗಳಿದ್ದವು. ಈಗ ಅತಿಥಿಗಳಿಗಾಗಿ ಗುಡಿಸಿದ ಅಂಗಳದಂತೆ ನೆಲ ಬೋಳಾಗಿತ್ತು, ಸುತ್ತ ಬಿದಿರಿನ ಬೇಲಿ. ಬೇಲಿಯೊಳಗಿನ ಮೊಗ್ಗುಗಳೆಲ್ಲ ಕಪ್ಪಾಗಿ ಕುಸಿದಿದ್ದವು.

ಜೊಮಿಲಿನ್ ಬಗ್ಗಿ ಕಡಿದ ಬಳ್ಳಿಯ ತುಂಡೊಂದನ್ನು ಎತ್ತಿಕೊಂಡಳು. ಆ ಹೂವಿಗೆ ಎಲೆಯಿಲ್ಲ, ಬೇರಿಲ್ಲ. ಬಳ್ಳಿಯ ಒಳಗೇ ಅದರ ಬದುಕು. ಬಳ್ಳಿಗಳನ್ನು ಯಾರೋ ನೀಟಾಗಿ ಕಡಿದಿದ್ದರು.

"ಯಾರು ಮಾಡಿದ್ದು ಇದನ್ನ?"

ರೂಪಿನ್ ತಲೆ ತಗ್ಗಿಸಿದ. "ನಾವೇ ಅಕ್ಕ. ಊರವರೆಲ್ಲ ಸೇರಿ. ಹೂವು ನೋಡೋಕೆ ಬರೋರು ಎಡವಬಾರದು ಅಂತ ಬಳ್ಳಿ ಸವರಿದ್ವಿ. ಮೊಗ್ಗನ್ನ ಮುಟ್ಟೇ ಇಲ್ಲ."

ಅಜ್ಜ ಬೈಯಲಿಲ್ಲ. ಕಡಿದ ತುಂಡುಗಳ ನಡುವೆ ಕತ್ತಿ ತಾಗದ ಒಂದು ಬಳ್ಳಿ ಹಳ್ಳದ ಮೇಲಿಂದ ಆಚೆ ದಡಕ್ಕೆ ಹೋಗಿರುವುದನ್ನು ಹೆಬ್ಬೆರಳಿಂದ ತೋರಿಸಿದ; ಕಾಡಿನಲ್ಲಿ ಯಾವುದಕ್ಕೂ ತೋರುಬೆರಳು ಚಾಚಬಾರದೆಂಬುದು ಊರಿನ ಹಿರಿಯರ ನಂಬಿಕೆ.

ಹಳ್ಳ ಉಕ್ಕುತ್ತಿತ್ತು. ರೂಪಿನ್ ಸೊಂಟಕ್ಕೆ ಹಗ್ಗ ಬಿಗಿದು ಧುಮುಕಿದ. ಮುಳುಗಿದ. ಎದ್ದ. ಆಚೆಯ ಮರಕ್ಕೆ ಹಗ್ಗ ಕಟ್ಟಿದ. ಜೊಮಿಲಿನ್ ಅದನ್ನೇ ಹಿಡಿದು ಎದೆಮಟ್ಟದ ನೀರಿನಲ್ಲಿ ದಾಟಿದಳು, ಕಾಯಿ ಸುತ್ತಿದ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡು.

ಆ ಬಳ್ಳಿಯ ಮೇಲೆ, ಕಲ್ಲೊಂದರ ಮರೆಯಲ್ಲಿ, ಎಲೆಕೋಸಿನಷ್ಟು ದಪ್ಪದ ಒಂದು ಮೊಗ್ಗು. ಮುಟ್ಟಿದಳು. ಗಟ್ಟಿಯಾಗಿತ್ತು. ಜೀವವಿತ್ತು.

ಒದ್ದೆ ಬಟ್ಟೆಯಲ್ಲೇ ಅವರು ಸಭೆಗೆ ಬಂದರು. "ಬಂಡೆ ಹೂವಿನ ಬೀಜ ನನ್ನ ಹತ್ರ ಇದೆ. ಲ್ಯಾಬಿನ ಸೀಸೇಲಿ ಮೊಳಕೆ ಬರಿಸ್ಬಹುದು," ಎಂದಳು ಜೊಮಿಲಿನ್. "ಕಣಿವೆ ಹೂವನ್ನ ಬಳ್ಳಿ ಬಿಡಿಸಿ ಎಲ್ಲಿಗೂ ಒಯ್ಯೋಕಾಗಲ್ಲ. ಕಣಿವೆ ಬಿಟ್ಬಿಡಿ."

ಹಾಗಾದರೆ ಹೂವು ನೋಡಲು ಬರುವವರಿಗೆ ಅಲ್ಲಿ ಚೊಕ್ಕ ಮಾಡುವವರು ಯಾರೆಂದು ಊರಿನ ಮುಖ್ಯಸ್ಥ ಕೇಳಿದ.

"ಯಾರೂ ಬೇಡ," ಎಂದ ರೂಪಿನ್. ತನ್ನ ಕತ್ತಿಯನ್ನು ಬಿಚ್ಚಿ ಸಭೆಯ ನಡುವೆ ಇಟ್ಟ.

ರಸ್ತೆ ಬಂಡೆಯ ಮೇಲಿಂದ ಎಂದಾಯಿತು; ಕಣಿವೆ ಉಳಿಯಿತು. ಬೆಳಗಾಗುತ್ತಲೇ ಹಗ್ಗ ತಗೊಂಡು ಬಾ, ಬಿರುಕಿನಲ್ಲಿರುವ ಗಿಡಗಳನ್ನಾದರೂ ಇಳಿಸೋಣ ಎಂದು ಅಜ್ಜ ಪಿಸುಗುಟ್ಟಿದ. ಜೊಮಿಲಿನ್ ತಲೆಯಾಡಿಸಿದಳು, ಕಾಯಿಯ ಮೇಲಿಟ್ಟ ಕೈಯನ್ನು ಮಾತ್ರ ಜೇಬಿನಿಂದ ತೆಗೆಯಲಿಲ್ಲ.